ಬ್ರೌಸರ್‌ನಲ್ಲಿ ವಿಡಿಯೊ ಬರದಿದ್ದಾಗ ನಾನು ಮಾಡುವುದು

ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ಹಾಕಿಕೊಟ್ಟ ಮೇಲೆ ಬರುವ ಮೊದಲ ದೂರು ಹೆಚ್ಚಾಗಿ ಒಂದೇ: "ವಿಡಿಯೊ ಬರ್ತಿಲ್ಲ, ಯಾವ ಪ್ಲಗಿನ್ ಹಾಕಬೇಕು?" ಪ್ಲಗಿನ್ ಅಂದರೆ ಬ್ರೌಸರ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ಪ್ರೋಗ್ರಾಂ. ಸದ್ಯಕ್ಕೆ ಯಾವುದನ್ನೂ ಹಾಕಬೇಡಿ ಅನ್ನುತ್ತೇನೆ. ಕೈಕೊಟ್ಟಿರುವುದು ಯಾವುದು ಅಂತ ಮೊದಲು ಗೊತ್ತಾಗಲಿ. ಒತ್ತಿ ಚಿಕ್ಕದಾಗಿಸಿದ ವಿಡಿಯೊ, ಧ್ವನಿಯನ್ನು ಬಿಡಿಸುವ ಕೊಡೆಕ್ ಇಲ್ಲದಿರಬಹುದು, ನಕಲು ತಡೆಯುವ ಬೀಗವಾದ ಡಿಆರ್‌ಎಂ ಆನ್ ಆಗದಿರಬಹುದು, ಧ್ವನಿ ಬೇರೆ ಕಡೆ ಹೋಗುತ್ತಿರಬಹುದು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮುಂಚೆ ನಿಜವಾಗಿಯೂ ಪ್ಲಗಿನ್ ಬೇಕಿತ್ತು. ವೆಬ್ ಪುಟಗಳಲ್ಲಿ ವಿಡಿಯೊ, ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಎಂಬ ಪ್ಲಗಿನ್‌ನ ಪ್ಯಾಕೇಜ್ ಇಳಿಸಿಕೊಂಡು, ಬಿಚ್ಚಿ, ಲಿಬ್‌ಫ್ಲ್ಯಾಶ್‌ಪ್ಲೇಯರ್ ಎಂಬ ಫೈಲನ್ನು ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಮೊಜಿಲ್ಲಾ ಫೋಲ್ಡರ್‌ನೊಳಗೆ ಇಡುತ್ತಿದ್ದೆ. ಬ್ರೌಸರ್ ಮುಚ್ಚಿ ತೆರೆದು, ಪ್ಲಗಿನ್‌ಗಳ ಪಟ್ಟಿಯಲ್ಲಿ ಹೆಸರು ಬಂತಾ ಅಂತ ನೋಡುತ್ತಿದ್ದೆ. ಬ್ರೌಸರ್ 64 ಬಿಟ್, ಫ್ಲ್ಯಾಶ್ 32 ಬಿಟ್ ಆಗಿದ್ದರೆ ಎರಡನ್ನೂ ಹೊಂದಿಸಲು ಎನ್‌ಎಸ್‌ಪ್ಲಗಿನ್‌ವ್ರ್ಯಾಪರ್ ಬೇಕಾಗುತ್ತಿತ್ತು. ಎಂಪ್ಲೇಯರ್, ಟೋಟೆಮ್, ವಿಎಲ್‌ಸಿ ಎಂಬ ಮೂರು ವಿಡಿಯೊ ಪ್ಲೇಯರ್‌ಗಳ ಪ್ಲಗಿನ್‌ಗಳೂ ಸೇರಿಕೊಂಡರೆ ಒಂದೇ ಬಗೆಯ ಫೈಲಿಗೆ ಮೂರೂ ಕೈಹಾಕುತ್ತಿದ್ದವು. ಒಂದನ್ನು ಉಳಿಸಿ ಮಿಕ್ಕವನ್ನು ತೆಗೆದರೆ ಸರಿಹೋಗುತ್ತಿತ್ತು.

ಆ ಕಾಲ ಮುಗಿದಿದೆ. ಇಂಥ ಪ್ಲಗಿನ್‌ಗಳೆಲ್ಲ ನಿಂತಿದ್ದು ಎನ್‌ಪಿಎಪಿಐ ಎಂಬ ಹಳೆಯ ವ್ಯವಸ್ಥೆಯ ಮೇಲೆ. ಅದನ್ನು ಕ್ರೋಮ್ 2015ರಲ್ಲಿ ಪೂರ್ತಿ ತೆಗೆದುಹಾಕಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕೈಬಿಟ್ಟಿತು. ಫ್ಲ್ಯಾಶ್‌ಗೆ ಅಡೋಬಿ ಕೊಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಯಾಯಿತು. ಹಾಗಾಗಿ ಇವತ್ತು ಯಾವುದಾದರೂ ಪುಟ "ವಿಡಿಯೊ ನೋಡಲು ಫ್ಲ್ಯಾಶ್ ಅಪ್‌ಡೇಟ್ ಮಾಡಿ" ಅಂದರೆ ಅದು ಮೋಸ. ಯೋಚನೆಯನ್ನೇ ಮಾಡದೆ ಆ ಟ್ಯಾಬ್ ಮುಚ್ಚಿ. ಆ ಹೆಸರಿನಲ್ಲಿ ವೈರಸ್ ಇಳಿಸಿಕೊಂಡವರ ಮೆಷಿನ್‌ಗಳನ್ನು ನಾನು ರಿಪೇರಿ ಮಾಡಿದ್ದೇನೆ. ವಿಡಿಯೊ ನೋಡಲು ಹೋಗಿ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸುವ ಪರಿಸ್ಥಿತಿ ಯಾರಿಗೂ ಬರಬಾರದು.

ಈಗ ಕೊಡೆಕ್ ವಿಷಯ. ಜಾಸ್ತಿ ಗೊಂದಲ ಇರುವುದು ಇಲ್ಲೇ. ಫೈರ್‌ಫಾಕ್ಸ್‌ನಲ್ಲಿ ಯೂಟ್ಯೂಬ್ ಚೆನ್ನಾಗಿ ಓಡುತ್ತದೆ. ಬೇರೊಂದು ಸೈಟ್‌ನಲ್ಲಿ ಮಾತ್ರ ಬೂದು ಡಬ್ಬಿ, ಅದರ ನಡುವೆ 'ಸಪೋರ್ಟ್ ಇರುವ ಫಾರ್ಮ್ಯಾಟ್‌ನ ವಿಡಿಯೊ ಸಿಗಲಿಲ್ಲ' ಎಂಬರ್ಥದ ಒಂದು ಸಾಲು. ಜನ ಸೈಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸೈಟ್ ಸರಿಯಾಗಿಯೇ ಇರುತ್ತದೆ. ಯೂಟ್ಯೂಬ್ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ ನೋಡಿ. ಮೂಲೆಯಲ್ಲಿ ಒಂದು ಕಪ್ಪು ಪಟ್ಟಿ ತೆರೆದುಕೊಳ್ಳುತ್ತದೆ. ಕೊಡೆಕ್ಸ್ ಎಂಬ ಸಾಲಿನಲ್ಲಿ ವಿಪಿ9 ಅಥವಾ ಎವಿ1, ಪಕ್ಕದಲ್ಲಿ ಓಪಸ್ ಅಂತ ಇರುತ್ತದೆ. ಇವು ಯಾರಿಗೂ ರಾಯಲ್ಟಿ ಕೊಡಬೇಕಿಲ್ಲದ ಕೊಡೆಕ್‌ಗಳು, ಬ್ರೌಸರ್ ಜೊತೆಯಲ್ಲೇ ಬರುತ್ತವೆ. ಆ ಇನ್ನೊಂದು ಸೈಟ್ ಕೊಡುತ್ತಿರುವುದು ಎಂಪಿ4 ಫೈಲ್. ಅದರೊಳಗೆ ಎಚ್.264 ಚಿತ್ರ, ಎಎಸಿ ಧ್ವನಿ. ಇವಕ್ಕೆ ಪೇಟೆಂಟ್‌ಗಳ ಗಂಟು ಇದೆ. ಅದಕ್ಕೇ ಕೆಲವು ಲಿನಕ್ಸ್‌ಗಳು ಇವನ್ನು ತಮ್ಮ ಜೊತೆ ಕೊಡುವುದಿಲ್ಲ. ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಇವನ್ನು ಬಿಡಿಸಲು ಸಿಸ್ಟಮ್‌ನಲ್ಲಿರುವ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಧನದ ಲಿಬ್‌ಎವಿಕೊಡೆಕ್ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಅದು ಇಲ್ಲದಿದ್ದರೆ, ಅಥವಾ ಕೊಡೆಕ್‌ಗಳನ್ನು ಕತ್ತರಿಸಿದ ಆವೃತ್ತಿ ಇದ್ದರೆ, ಬೂದು ಡಬ್ಬಿಯೇ ಗತಿ.

ಫೆಡೋರಾ ಎಂಬ ಬಗೆಯ ಲಿನಕ್ಸ್‌ನಲ್ಲಿ ನಾನು ಆರ್‌ಪಿಎಂ ಫ್ಯೂಷನ್ ಎಂಬ ರೆಪೊಸಿಟರಿ (ಪ್ಯಾಕೇಜ್‌ಗಳ ಉಗ್ರಾಣ) ಸೇರಿಸಿ, ಅಲ್ಲಿಂದ ಲಿಬ್‌ಎವಿಕೊಡೆಕ್-ಫ್ರೀವರ್ಲ್ಡ್ ಪ್ಯಾಕೇಜ್ ಹಾಕುತ್ತೇನೆ. ಬ್ರೌಸರ್ ಮುಚ್ಚಿ ತೆರೆದರೆ ಕೆಲಸ ಆಯಿತು. ಇನ್ನೊಂದು ಬಗೆಯಾದ ಉಬುಂಟುವಿನಲ್ಲಿ 'ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್' ಎಂಬ ಪ್ಯಾಕೇಜ್ ಇದೆ. ಅದನ್ನು ಟರ್ಮಿನಲ್‌ನಿಂದ (ಆದೇಶಗಳನ್ನು ಟೈಪ್ ಮಾಡುವ ವಿಂಡೋ) ಹಾಕುವಾಗ ಮಧ್ಯದಲ್ಲಿ ಮೈಕ್ರೋಸಾಫ್ಟ್ ಫಾಂಟ್‌ಗಳ ಒಪ್ಪಂದದ ಪರದೆ ಬರುತ್ತದೆ. ಕೆಳಗೆ 'ಓಕೆ' ಅಂತ ಕಾಣುತ್ತದೆ, ಆದರೆ ಮೌಸ್ ಕ್ಲಿಕ್ಕಿಗೆ ಅದು ಜಗ್ಗುವುದಿಲ್ಲ. ಟ್ಯಾಬ್ ಕೀ ಒತ್ತಿ, ಓಕೆ ಮೇಲೆ ಬಣ್ಣ ಬಂದ ಮೇಲೆ ಎಂಟರ್ ಒತ್ತಬೇಕು. ಎಷ್ಟೋ ಜನ ಇಲ್ಲಿ ದಾರಿ ಕಾಣದೆ ವಿಂಡೋವನ್ನೇ ಮುಚ್ಚಿಬಿಡುತ್ತಾರೆ. ಆಗ ಇನ್‌ಸ್ಟಾಲ್ ಅರ್ಧಕ್ಕೇ ನಿಂತು, ಮುಂದಿನ ಅಪ್‌ಡೇಟ್‌ಗೂ ತೊಡಕಾಗುತ್ತದೆ.

ಇನ್ನೊಂದು ವಿಷಯ. ಉಬುಂಟು 21.10ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತಿದೆ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಅಂದರೆ ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದರ ಜೊತೆಗೇ ಕಟ್ಟಿ ಕೊಡುವ ಬಗೆಗಳು. ಸ್ನ್ಯಾಪ್ ಆಗಲಿ ಫ್ಲ್ಯಾಟ್‌ಪ್ಯಾಕ್ ಆಗಲಿ, ಸಿಸ್ಟಮ್‌ನ ಲೈಬ್ರರಿಗಳನ್ನು ನೋಡುವುದಿಲ್ಲ, ತಮ್ಮದನ್ನೇ ಬಳಸುತ್ತವೆ. ಅಲ್ಲಿ ತೊಂದರೆ ಇದ್ದರೆ ಮೇಲೆ ಹೇಳಿದ ಪ್ಯಾಕೇಜ್‌ಗಳನ್ನು ಸುಮ್ನೆ ಹಾಕುತ್ತಾ ಹೋದರೆ ಏನೂ ಬದಲಾಗುವುದಿಲ್ಲ. ಫ್ಲ್ಯಾಟ್‌ಪ್ಯಾಕ್‌ನ ಬ್ರೌಸರ್‌ಗೆ ಕೊಡೆಕ್ ಕೂಡ ಫ್ಲ್ಯಾಟ್‌ಪ್ಯಾಕ್ ದಾರಿಯಲ್ಲೇ ಬರಬೇಕು. ಅದಕ್ಕೇ ನಾನು ಯಾರ ಮೆಷಿನ್ ಮುಂದೆ ಕೂತರೂ ಮೊದಲು ಕೇಳುವುದು, ಈ ಬ್ರೌಸರ್ ಎಲ್ಲಿಂದ ಬಂತು ಅಂತ.

ಧ್ವನಿ ಮಾತ್ರ ಬಂದು ಚಿತ್ರ ಕಪ್ಪಾಗಿದ್ದರೆ? ಫೋನಿನಲ್ಲಿ ತೆಗೆದ ವಿಡಿಯೊವನ್ನು ವೆಬ್ ಪುಟಕ್ಕೆ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಫೈಲಿನ ಹೆಸರು ಎಂಪಿ4 ಅಂತಲೇ ಇರುತ್ತದೆ. ಅದು ಹೊರಗಿನ ಡಬ್ಬಿಯ ಹೆಸರು ಅಷ್ಟೇ. ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್‌ಗೆ ಫೈಲ್ ಕೊಟ್ಟರೆ ಒಳಗಿನದು ಸಾಲುಸಾಲಾಗಿ ಹೊರಬರುತ್ತದೆ. ವಿಡಿಯೊ ಸಾಲಿನಲ್ಲಿ ಎಚ್‌ಇವಿಸಿ (ಎಚ್.264ರ ನಂತರ ಬಂದ ಕೊಡೆಕ್), ಆಡಿಯೊ ಸಾಲಿನಲ್ಲಿ ಎಎಸಿ ಅಂತ ಕಂಡರೆ ಕಾರಣ ಸಿಕ್ಕಿತು. ಎಎಸಿ ಬ್ರೌಸರ್‌ಗೆ ಬರುತ್ತದೆ, ಎಚ್‌ಇವಿಸಿ ಎಲ್ಲ ಬ್ರೌಸರ್‌ಗಳಿಗೂ ಬರುವುದಿಲ್ಲ. ನೋಡುವವರಿಗೆಲ್ಲ ಏನನ್ನೋ ಹಾಕಿಕೊಳ್ಳಿ ಅನ್ನುವುದು ನ್ಯಾಯವಲ್ಲ, ಅಲ್ವಾ? ಫೈಲನ್ನೇ ಬದಲಿಸುವುದು ಸರಿ. ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೊಗೆ ಎಕ್ಸ್264 (ಎಚ್.264 ತಯಾರಿಸುವ ಎನ್‌ಕೋಡರ್), ಆಡಿಯೊಗೆ ಎಎಸಿ ಕೊಟ್ಟು ಪರಿವರ್ತಿಸುತ್ತೇನೆ. ಜೊತೆಗೆ 'ಫಾಸ್ಟ್‌ಸ್ಟಾರ್ಟ್' ಎಂಬ ಆಯ್ಕೆಯನ್ನು ಮರೆಯದೆ ಸೇರಿಸುತ್ತೇನೆ. ಎಂಪಿ4 ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ಈ ಆಯ್ಕೆ ಅದನ್ನು ಮುಂದಕ್ಕೆ ತರುತ್ತದೆ. ಫೈಲ್ ಇಳಿಯುತ್ತಿರುವಾಗಲೇ ವಿಡಿಯೊ ಶುರುವಾಗಲು ಇದು ಬೇಕು. ಒಳಗೆ ಎಚ್.264, ಎಎಸಿಗಳೇ ಇದ್ದು ಡಬ್ಬಿ ಮಾತ್ರ ಎಂಕೆವಿ ಆಗಿದ್ದರೆ ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ. 'ಕಾಪಿ' ಅಂತ ಕೊಟ್ಟರೆ ಡಬ್ಬಿ ಬದಲಾಗುತ್ತದೆ, ಗುಣಮಟ್ಟ ಹಾಗೇ ಉಳಿಯುತ್ತದೆ, ಕ್ಷಣಗಳಲ್ಲಿ ಮುಗಿಯುತ್ತದೆ.

ಸಿನಿಮಾ, ಹಾಡುಗಳ ಚಂದಾ ಸೇವೆಗಳ ತೊಂದರೆಯೇ ಬೇರೆ. ಅಲ್ಲಿ ಬೇಕಾಗಿರುವುದು ವೈಡ್‌ವೈನ್ ಎಂಬ ಡಿಆರ್‌ಎಂ ಭಾಗ. ಇವತ್ತಿಗೂ ಪ್ಲಗಿನ್ ಎಂಬ ಹೆಸರಿಗೆ ಹತ್ತಿರವಾದದ್ದು ಅಂದರೆ ಇದೇ. ಫೈರ್‌ಫಾಕ್ಸ್‌ನ ಆಡ್-ಆನ್ಸ್ ಪುಟದಲ್ಲಿ ಪ್ಲಗಿನ್ಸ್ ವಿಭಾಗ ತೆರೆದರೆ ವೈಡ್‌ವೈನ್ ಮತ್ತು ಸಿಸ್ಕೊದ ಓಪನ್‌ಎಚ್264 ಕಾಣುತ್ತವೆ. ವೈಡ್‌ವೈನ್ ಆನ್ ಮಾಡಲು ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ಇರುವ ವಿಷಯ ಪ್ಲೇ ಮಾಡು ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಆಮೇಲೆ ಬ್ರೌಸರ್ ತಾನೇ ಅದನ್ನು ಇಳಿಸಿಕೊಳ್ಳುತ್ತದೆ. ಕ್ರೋಮ್‌ನಲ್ಲಿ ಇದು ಮೊದಲೇ ಇರುತ್ತದೆ, ಕ್ರೋಮಿಯಂನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಲಿನಕ್ಸ್‌ನಲ್ಲಿ ವೈಡ್‌ವೈನ್ ಸಾಫ್ಟ್‌ವೇರ್ ಮಟ್ಟದಲ್ಲಷ್ಟೇ ಕೆಲಸ ಮಾಡುತ್ತದೆ. ಹಾಗಾಗಿ ಹಲವು ಸೇವೆಗಳು ಪೂರ್ತಿ ರೆಸಲ್ಯೂಷನ್ ಕೊಡುವುದಿಲ್ಲ. ಹಣ ಕೊಟ್ಟವರಿಗೆ ಮಸುಕು ಚಿತ್ರ ತೋರಿಸುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಆದರೆ ಅದನ್ನು ನಮ್ಮ ಕಡೆಯ ಸೆಟ್ಟಿಂಗ್‌ನಿಂದ ಸರಿಮಾಡಲು ಆಗುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ವ್ಯರ್ಥ ಹುಡುಕಾಟ ತಪ್ಪುತ್ತದೆ.

ಚಿತ್ರ ಇದೆ, ಧ್ವನಿ ಇಲ್ಲ ಅಂದಾಗ ಮೊದಲು ಟ್ಯಾಬ್ ಮೇಲಿನ ಸ್ಪೀಕರ್ ಗುರುತು ನೋಡಿ. ಮ್ಯೂಟ್ ಆಗಿರಬಹುದು. ಕ್ರೋಮ್ 2018ರಿಂದ, ಫೈರ್‌ಫಾಕ್ಸ್ 2019ರಿಂದ, ಧ್ವನಿ ಇರುವ ವಿಡಿಯೊ ತಾನಾಗಿ ಶುರುವಾಗುವುದನ್ನು ತಡೆಯುತ್ತಿವೆ. ಅದು ಒಳ್ಳೆಯ ನಿಯಮವೇ. ಒಮ್ಮೆ ಕ್ಲಿಕ್ ಮಾಡಿದರೆ ಮುಗಿಯಿತು. ಆಮೇಲೂ ಬರದಿದ್ದರೆ ಪಾವುಕಂಟ್ರೋಲ್ ಎಂಬ ಧ್ವನಿ ನಿಯಂತ್ರಕ ತೆರೆಯುತ್ತೇನೆ. ಲಿನಕ್ಸ್‌ನ ಧ್ವನಿ ವ್ಯವಸ್ಥೆ ಪಲ್ಸ್‌ಆಡಿಯೊ ಇರಲಿ, ಪೈಪ್‌ವೈರ್ ಇರಲಿ, ಎರಡರಲ್ಲೂ ಇದು ನಡೆಯುತ್ತದೆ. ಅದರ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಬ್ರೌಸರ್ ಹೆಸರು ಕಾಣಬೇಕಾದರೆ ವಿಡಿಯೊ ಆ ಹೊತ್ತಿಗೆ ಓಡುತ್ತಿರಬೇಕು. ನಿಲ್ಲಿಸಿ ನೋಡಿದರೆ ಪಟ್ಟಿ ಖಾಲಿ, ಜನ ಹೆದರುತ್ತಾರೆ. ಓಡಿಸುತ್ತಲೇ ನೋಡಿ. ಹೆಸರು ಕಂಡು, ಪಕ್ಕದ ಮಟ್ಟದ ಗೆರೆ ಕುಣಿಯುತ್ತಿದ್ದರೆ ಬ್ರೌಸರ್ ಧ್ವನಿ ಕಳಿಸುತ್ತಿದೆ ಅಂತ ಅರ್ಥ. ಆಗ ತಪ್ಪು ಇರುವುದು ಹೊರಹೋಗುವ ದಾರಿಯಲ್ಲಿ. ಮಾನಿಟರ್‌ನ ಎಚ್‌ಡಿಎಂಐಗೋ, ಯಾವಾಗಲೋ ಜೋಡಿಸಿದ ಬ್ಲೂಟೂತ್ ಹೆಡ್‌ಫೋನ್‌ಗೋ ಹೋಗುತ್ತಿರುತ್ತದೆ. ಅಲ್ಲೇ ಇರುವ ಪಟ್ಟಿಯಿಂದ ಸ್ಪೀಕರ್ ಆರಿಸಿದರೆ ತಕ್ಷಣ ಕೇಳಿಸುತ್ತದೆ.

ಎಲ್ಲ ಬಂದರೂ ವಿಡಿಯೊ ತಡವರಿಸಿ ಫ್ಯಾನ್ ಕೂಗುತ್ತಿದ್ದರೆ, ಬಿಡಿಸುವ ಕೆಲಸ ಪ್ರೊಸೆಸರ್ ಮೇಲೆ ಬಿದ್ದಿದೆ ಅಂತ ಲೆಕ್ಕ. ಟರ್ಮಿನಲ್‌ನಲ್ಲಿ ವಿಎಇನ್ಫೊ ಓಡಿಸಿದರೆ ನಿಮ್ಮ ಗ್ರಾಫಿಕ್ಸ್ ಚಿಪ್ ಯಾವ ಕೊಡೆಕ್‌ಗಳನ್ನು ತಾನೇ ಬಿಡಿಸಬಲ್ಲದು ಅಂತ ಪಟ್ಟಿ ಬರುತ್ತದೆ. ಎವಿ1 ಬಿಡಿಸುವ ಶಕ್ತಿ ಇಂಟೆಲ್, ಎನ್‌ವಿಡಿಯಾ, ಎಎಂಡಿಗಳ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಬಂದಿದ್ದು 2020ರಲ್ಲಿ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಿಗೆ ನಾನು ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಡುತ್ತೇನೆ. ಅದು ಯೂಟ್ಯೂಬ್‌ನಿಂದ ಎಚ್.264 ಆವೃತ್ತಿಯನ್ನೇ ಕೇಳಿ ಪಡೆಯುತ್ತದೆ. ಹಳೆಯ ಚಿಪ್‌ಗಳಿಗೂ ಎಚ್.264 ಬಿಡಿಸಲು ಬರುತ್ತದೆ. ಫ್ಯಾನ್ ಸದ್ದು ಇಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಹಳೆಯ ಫ್ಲ್ಯಾಶ್ ಪಾಠಗಳನ್ನು, ಆಟಗಳನ್ನು ಜೋಪಾನವಾಗಿ ಇಟ್ಟುಕೊಂಡವರೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ ರಫಲ್ ಇದೆ. ಫ್ಲ್ಯಾಶ್‌ನಂತೆಯೇ ನಡೆದುಕೊಳ್ಳುವ, ರಸ್ಟ್ ಭಾಷೆಯಲ್ಲಿ ಬರೆದ ಈ ಎಮ್ಯುಲೇಟರ್ ಬ್ರೌಸರ್ ಎಕ್ಸ್‌ಟೆನ್ಷನ್ ಆಗಿ ಸಿಗುತ್ತದೆ, ಹಳೆಯ ಫ್ಲ್ಯಾಶ್ ಪ್ಲಗಿನ್ ಬೇಕಾಗುವುದೇ ಇಲ್ಲ. ಇಂಟರ್ನೆಟ್ ಆರ್ಕೈವ್ ತನ್ನ ಫ್ಲ್ಯಾಶ್ ಸಂಗ್ರಹವನ್ನು 2020ರ ನವೆಂಬರ್‌ನಿಂದ ಓಡಿಸುತ್ತಿರುವುದು ಇದರಿಂದಲೇ. ಫ್ಲ್ಯಾಶ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್‌ನ 1 ಮತ್ತು 2ನೇ ಆವೃತ್ತಿಯಲ್ಲಿ ಬರೆದವು ಇದರಲ್ಲಿ ಚೆನ್ನಾಗಿ ಓಡುತ್ತವೆ. 3ನೇ ಆವೃತ್ತಿಯವು ಅಲ್ಲಲ್ಲಿ ಮುಗ್ಗರಿಸುತ್ತವೆ. ಹಾಗೆ ಮುಗ್ಗರಿಸಿದ ಫೈಲ್‌ಗಳನ್ನು ಅಳಿಸಬೇಡಿ ಅನ್ನುತ್ತೇನೆ. ರಫಲ್‌ನ ಕೆಲಸ ನಿಂತಿಲ್ಲ, ಎಕ್ಸ್‌ಟೆನ್ಷನ್ ಅಪ್‌ಡೇಟ್ ಆದಾಗಲೆಲ್ಲ ಅವನ್ನು ಇನ್ನೊಮ್ಮೆ ತೆರೆದು ನೋಡಿ.