ಗೋಡೆ ಒದ್ದೆಯಾಗಿದ್ದು ಮೀನಿನ ತೊಟ್ಟಿಯಿಂದ

ಡಿಸೆಂಬರ್‌ನ ಒಂದು ಬೆಳಿಗ್ಗೆ ಬಾಡಿಗೆ ತೆಗೆದುಕೊಳ್ಳಲು ಬಂದ ಮನೆ ಮಾಲೀಕರಾದ ಆಜಿ (ಅಜ್ಜಿ) ಹಾಲ್‌ನ ಗೋಡೆಗೆ ಅಂಗೈ ಒತ್ತಿ ಹಾಗೇ ನಿಂತರು. "ಭಿಂತ್ ಓಲೀ ಕಾ ಝಾಲೀ?" ಎಂದು ಮರಾಠಿಯಲ್ಲಿ ಕೇಳಿದರು. ಗೋಡೆ ಯಾಕೆ ಒದ್ದೆಯಾಗಿದೆ ಅಂತ. ನಾನು ಪೈಪ್ ಸೋರುತ್ತಿರಬೇಕು ಅಂದುಕೊಂಡೆ. ಪ್ಲಂಬರ್ ಬಂದು ನೋಡಿದರು, ಆ ಗೋಡೆಯಲ್ಲಿ ಪೈಪೇ ಇರಲಿಲ್ಲ. ಇದ್ದದ್ದು ಅದರ ಮುಂದೆ ನಮ್ಮ ಮೂರು ಅಡಿಯ ತೆರೆದ ಅಕ್ವೇರಿಯಂ. ಅದರ ಹಿಂದೆ ಮೊಣಕಾಲೆತ್ತರದಿಂದ ಸೂರಿನವರೆಗೆ ಬೂಷ್ಟಿನ ಕಪ್ಪು ಚುಕ್ಕೆಗಳು.

ನಾವಿರೋದು ಪುಣೆಯ ಕೋಥ್ರೂಡ್‌ನಲ್ಲಿ. ಚಳಿಗಾಲದ ರಾತ್ರಿ ಇಲ್ಲಿ ತಾಪಮಾನ 10 ಡಿಗ್ರಿಯ ಹತ್ತಿರ ಇಳಿಯುತ್ತದೆ. ತೊಟ್ಟಿಯ ನೀರನ್ನು ಹೀಟರ್ 26 ಡಿಗ್ರಿಯಲ್ಲಿ ಇಟ್ಟಿರುತ್ತದೆ. ಬೆಚ್ಚಗಿನ ನೀರಿನಿಂದ ಆವಿ ಏಳುತ್ತದೆ, ಹೊರಗೋಡೆ ತಣ್ಣಗಿರುತ್ತದೆ, ಅಲ್ಲಿ ಹೋಗಿ ಹನಿಗಟ್ಟುತ್ತದೆ. ಕಿಟಕಿ ಗಾಜೂ ಬೆಳಿಗ್ಗೆ ಬೆವೆತಿರುತ್ತಿತ್ತು. ಅದನ್ನು ನಾನು ದಿನಾ ಒರೆಸುತ್ತಿದ್ದೆ. ಯಾಕೆ ಅಂತ ಮಾತ್ರ ಯೋಚಿಸಿರಲಿಲ್ಲ.

ಏನನ್ನಾದರೂ ಮಾಡುವ ಮೊದಲು ಅಳೆಯೋಣ ಅಂದುಕೊಂಡೆ. ತೊಟ್ಟಿಯ ಮೂಲೆಯಲ್ಲಿ ಪೇಪರ್ ಟೇಪ್ ಅಂಟಿಸಿ ನೀರಿನ ಮಟ್ಟಕ್ಕೆ ಗೆರೆ ಎಳೆದೆ. ಒಂದು ವಾರ ನೀರು ಹಾಕಲಿಲ್ಲ. ಮಟ್ಟ ಎರಡೂವರೆ ಸೆಂಟಿಮೀಟರ್ ಇಳಿದಿತ್ತು. ನನ್ನ ತೊಟ್ಟಿಯ ಒಳ ಅಳತೆ ಸುಮಾರು 90 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ. ಅಂದರೆ ವಾರಕ್ಕೆ 8 ಲೀಟರ್ ನೀರು! ಅಷ್ಟೂ ಹಾಲ್‌ನ ಗಾಳಿಗೆ ಸೇರಿತ್ತು. ಇನ್ನೊಂದು ಲೆಕ್ಕ ನನಗೆ ಆಮೇಲೆ ಹೊಳೆಯಿತು. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಮ್ಮಿ ಕರೆಂಟಿನಷ್ಟು ಶಾಖ ಬೇಕು. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ತೊಟ್ಟಿಯ ನೀರಿನಿಂದಲೇ, ಅದನ್ನು ತುಂಬಿಕೊಡುವುದು ಹೀಟರ್. ದಿನಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ ಹೋಗುತ್ತಿತ್ತಲ್ವಾ, ಗೋಡೆಯ ಜೊತೆ ಕರೆಂಟ್ ಬಿಲ್ಲಿಗೂ ಅದರ ಪೆಟ್ಟು ಬೀಳುತ್ತಿತ್ತು.

ಮೊದಲು ಮೂರು ಮಿ.ಮೀ. ಅಕ್ರಿಲಿಕ್ ಶೀಟ್ ತಂದು ತೊಟ್ಟಿಯ ಅಂಚಿನ ಮೇಲೆ ಸುಮ್ನೆ ಹೊದಿಸಿದೆ. ಸುತ್ತಲೂ ಒಂದು ಬೆರಳು ಹೊರಗೆ ಚಾಚಿತ್ತು. ನೋಡಲು ಚೆನ್ನಾಗಿತ್ತು. ನಾಲ್ಕೇ ದಿನಕ್ಕೆ ಸ್ಟ್ಯಾಂಡಿನ ಹಿಂಭಾಗ ಒದ್ದೆ. ಶೀಟಿನ ಅಡಿಯಲ್ಲಿ ಕಟ್ಟಿದ ಹನಿಗಳು ಅಡಿಯಲ್ಲೇ ಜಾರಿಕೊಂಡು ಗಾಜಿನ ಅಂಚನ್ನು ದಾಟಿ ಹೊರಗೆ ಇಳಿಯುತ್ತಿದ್ದವು. ಪ್ಲೈವುಡ್ ಉಬ್ಬಿತು. ಮೂರು ವಾರ ಕಳೆಯುವಷ್ಟರಲ್ಲಿ ಶೀಟೇ ಬಾಗಿ ಮಧ್ಯದಲ್ಲಿ ತಗ್ಗಾಯಿತು, ಅಂಚುಗಳು ಮೇಲೆದ್ದವು. ಅಕ್ರಿಲಿಕ್ ತೇವ ಹೀರಿಕೊಳ್ಳುತ್ತದೆ. ಕೆಳಗಿನ ಮೈ ತೇವದಲ್ಲಿ, ಮೇಲಿನದು ಒಣ ಗಾಳಿಯಲ್ಲಿ. ಹಾಗಾಗಿ ಅಡಿ ಹಿಗ್ಗುತ್ತದೆ, ಶೀಟ್ ಬಾಗುತ್ತದೆ.

ಮುಚ್ಚಳ ಮಾಡಹೊರಟವರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ: ಮುಚ್ಚಳ ತೊಟ್ಟಿಯ ಮೇಲೆ ಕೂರಬಾರದು, ಒಳಗೆ ಕೂರಬೇಕು. ಆಗ ಹನಿ ಎಲ್ಲಿಗೆ ಜಾರಿದರೂ ಬೀಳುವುದು ನೀರಿಗೇ.

ಎರಡನೇ ಸಲಕ್ಕೆ ಆರು ಮಿ.ಮೀ. ಪಾಲಿಕಾರ್ಬೊನೇಟ್ ಶೀಟ್ ಆರಿಸಿದೆ. ಬಾಲ್ಕನಿಗೆ, ಪಾರ್ಕಿಂಗಿಗೆ ಮಾಡು ಹಾಕುತ್ತಾರಲ್ಲ, ಎರಡು ಪದರ ಇದ್ದು ನಡುವೆ ಉದ್ದಕ್ಕೂ ಟೊಳ್ಳು ನಾಳಗಳಿರುವ ಶೀಟ್, ಅದೇ. ಆ ಕೆಲಸ ಮಾಡುವ ಅಂಗಡಿಯಲ್ಲಿ ಉಳಿದ ತುಂಡು ಕೇಳಿ ತಂದೆ. ಹಗುರ. ನಾಳಗಳೊಳಗಿನ ಗಾಳಿ ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ಕೆಳ ಪದರ ಅಷ್ಟು ತಣ್ಣಗಾಗುವುದಿಲ್ಲ, ಹನಿಯೂ ಕಮ್ಮಿ ಕಟ್ಟುತ್ತದೆ. ಗಾಜೂ ಆಗುತ್ತದೆ, ಬಾಗುವುದಿಲ್ಲ. ಆದರೆ ಭಾರ, ಒದ್ದೆ ಕೈಯಲ್ಲಿ ಜಾರುತ್ತದೆ. ಮನೆಯಲ್ಲಿ ಮಕ್ಕಳಿರುವಾಗ ನನಗೆ ಅದು ಬೇಡವೆನಿಸಿತು.

ಕೂರಿಸಲು ತೊಟ್ಟಿಯ ಒಳಗೋಡೆಗೆ ಆರು ಪುಟ್ಟ ಗಾಜಿನ ತುಂಡುಗಳನ್ನು ಅಂಟಿಸಿದೆ. ಗಾಜಿನ ಅಂಗಡಿಯಲ್ಲೇ ಅಂಚು ಉಜ್ಜಿಸಿಕೊಂಡೆ. ಮುಂದಿನ ಮೂರು ತುಂಡು ಅಂಚಿನಿಂದ ಒಂದು ಇಂಚು ಕೆಳಗೆ, ಹಿಂದಿನ ಮೂರು ಒಂದೂವರೆ ಇಂಚು ಕೆಳಗೆ. ಆ ಅರ್ಧ ಇಂಚಿನ ಇಳಿಜಾರಿನಿಂದ ಹನಿಗಳು ಹಿಂದಕ್ಕೆ ಜಾರಿ ಬೀಳುತ್ತವೆ, ಮುಂಭಾಗ ತಿಳಿಯಾಗಿರುತ್ತದೆ. ಇದಕ್ಕಾಗಿ ನೀರಿನ ಮಟ್ಟವನ್ನೂ ಒಂದಿಂಚು ಇಳಿಸಬೇಕಾಯಿತು. ಅಂಟಿಸಲು ಅಕ್ವೇರಿಯಂ ಸಿಲಿಕಾನ್ ಮಾತ್ರ ಬಳಸಿ. ಬಾತ್‌ರೂಮಿಗೆ ಬಳಸುವ ಸಿಲಿಕಾನ್‌ನಲ್ಲಿ ಬೂಷ್ಟು ತಡೆಯುವ ಔಷಧಿ ಸೇರಿಸಿರುತ್ತಾರೆ, ಮೀನಿಗೆ ಅದು ವಿಷ. ಎರಡು ದಿನ ಒಣಗಲು ಬಿಟ್ಟೆ.

ಶೀಟನ್ನು ನಾಳಗಳು ಉದ್ದಕ್ಕೆ ಬರುವಂತೆ ಕಟ್ಟರ್‌ನಿಂದ ಕತ್ತರಿಸಿದೆ. ಹಾಗೆ ಮಾಡಿದರೆ ಮೂರು ಅಡಿ ಉದ್ದಕ್ಕೂ ಜೋತು ಬೀಳುವುದಿಲ್ಲ. ಸುತ್ತ ಮೂರು ಮಿ.ಮೀ. ಸಡಿಲ ಬಿಟ್ಟೆ. ಎರಡು ತುಂಡು ಮಾಡಿದೆ: ಹಿಂದಿನದು ಅಗಲ, ಅಲ್ಲೇ ಇರುತ್ತದೆ. ಮುಂದಿನದು ಕಿರಿದು, ಊಟ ಹಾಕಲು ಎತ್ತುವುದು. ಎರಡರ ಅಂಚೂ ಕೂರಲು ನಡುವೆ ತೆಳು ಗಾಜಿನ ಪಟ್ಟಿ. ಹಿಂದಿನ ಮೂಲೆಯಲ್ಲಿ ಫಿಲ್ಟರ್ ಪೈಪಿಗೆ, ಹೀಟರ್ ವೈರಿಗೆ ಎರಡಿಂಚಿನ ಕಂಡಿ. ಆ ಕಂಡಿಯಿಂದಲೇ ಗಾಳಿಯೂ ಆಡುತ್ತದೆ, ಅದನ್ನು ಮುಚ್ಚಬೇಡಿ. ನಾಳಗಳ ಬಾಯಿ ತೆರೆದಿದ್ದರೆ ನೀರು ನುಗ್ಗಿ ಒಳಗೇ ಪಾಚಿ ಬೆಳೆಯುತ್ತದೆ, ಮತ್ತೆ ತೊಳೆಯಲಾಗದು. ಮೊದಲು ಬಾಯಿಗೆ ಟೇಪ್ ಅಂಟಿಸಿದೆ, ಅದು ತೇವಕ್ಕೆ ಬಿಟ್ಟುಕೊಂಡಿತು. ಆಮೇಲೆ ಪ್ರತಿ ನಾಳದ ಬಾಯಿಗೂ ಸಿಲಿಕಾನ್ ತುಂಬಿದೆ. ಈ ಪ್ಲಾಸ್ಟಿಕ್ಕಿಗೆ ಸಿಲಿಕಾನ್ ಗಾಜಿಗೆ ಹಿಡಿದಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಆದರೆ ಒಳಗೆ ಬಿರಟೆಯ ಹಾಗೆ ಕೂತಿದೆ.

ಮತ್ತೆ ಅದೇ ಪೇಪರ್ ಟೇಪ್, ಅದೇ ಗೆರೆ, ಒಂದು ವಾರ. ಈ ಸಲ ಇಳಿದದ್ದು ಅರ್ಧ ಸೆಂಟಿಮೀಟರ್. ಬೆಳಿಗ್ಗೆ ಕಿಟಕಿ ಒಣಗಿತ್ತು! ಆ ಬೆಳಿಗ್ಗೆಯ ಖುಷಿಯನ್ನು ನಾನು ಮರೆಯಲಾರೆ. ನನ್ನ ಗೌರಾಮಿಗಳಿಗೂ ಇದು ಒಳ್ಳೆಯದಾಯಿತು. ಅವು ಮೇಲೆ ಬಂದು ಗಾಳಿ ನುಂಗುವ ಮೀನುಗಳು, ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಗೋಡೆಯನ್ನು ಕೆರೆದು, ಚೆನ್ನಾಗಿ ಒಣಗಿಸಿ, ಬಣ್ಣ ಹೊಡೆಸಿಕೊಟ್ಟೆವು. ತೊಟ್ಟಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆ.

ವಾರಕ್ಕೊಮ್ಮೆ ಮುಚ್ಚಳದ ಅಡಿಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತೇನೆ, ಇಲ್ಲದಿದ್ದರೆ ಬಿಳಿ ಕಲೆ ಕೂತು ಬೆಳಕು ಕಮ್ಮಿಯಾಗುತ್ತದೆ. ಏಪ್ರಿಲ್ ಬಂದರೆ ಮುಂದಿನ ತುಂಡನ್ನು ತೆಗೆದಿಡುತ್ತೇನೆ. ಪುಣೆಯ ಬಿಸಿಲಿಗೆ ನೀರು 30 ದಾಟುತ್ತದೆ. ಚಳಿಯಲ್ಲಿ ಗೋಡೆ ನೆನೆಸಿದ ಆ ಆವಿಯೇ ಆಗ ತೊಟ್ಟಿಯನ್ನು ತಂಪಾಗಿಡುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಆ ತುಂಡನ್ನು ತೊಳೆದು ಮತ್ತೆ ಜಾಗಕ್ಕೆ ಇಡುತ್ತೇನೆ.