ಡಬ್ಬ ಆಮೇಲೆ ಕೊಳ್ಳಿ, ಮೊದಲು ಶೆಲ್ಫ್ ಖಾಲಿ ಮಾಡಿ

ಅಡುಗೆಮನೆ ನೀಟಾಗಿ ಜೋಡಿಸಬೇಕು ಅಂತ ಅನ್ನಿಸಿದ ಕೂಡಲೇ ಎಷ್ಟೋ ಜನ ಮಾಡುವ ಮೊದಲ ಕೆಲಸ ಆನ್‌ಲೈನ್‌ನಲ್ಲಿ ಒಂದು ಸೆಟ್ ಡಬ್ಬ ತರಿಸುವುದು. ನೋಡೋಕೆ ಚೆಂದ, ನಿಜ. ಆದರೆ ಇರುವ ಸಾಮಾನಿಗೇ ಜಾಗ ಸಾಲದ ಮನೆಗೆ ಇನ್ನೊಂದು ಡಜನ್ ಡಬ್ಬ ಬಂದರೆ ಅವನ್ನು ಎಲ್ಲಿಡುತ್ತೀರಿ? ಅದು ಕೊನೆಯ ಕೆಲಸ.

ಇಡೀ ಅಡುಗೆಮನೆಯನ್ನು ಒಂದೇ ದಿನ ಹರಡಿಕೊಂಡು ಕೂರಬೇಡಿ, ರಾತ್ರಿ ಊಟಕ್ಕೆ ಹೋಟೆಲೇ ಗತಿಯಾಗುತ್ತದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಒಂದೇ ಒಂದು ಶೆಲ್ಫ್ ತಗೊಳ್ಳಿ. ನೆಲಕ್ಕೆ ಪೇಪರ್ ಹಾಸಿ, ಅದರಲ್ಲಿರುವುದನ್ನೆಲ್ಲ ಕೆಳಗಿಳಿಸಿ. ಅರ್ಧರ್ಧ ಮುಗಿದ ಮೂರು ಶ್ಯಾವಿಗೆ ಪ್ಯಾಕೆಟ್, ರಬ್ಬರ್ ಬ್ಯಾಂಡ್ ಹಾಕಿಟ್ಟ ಕಡ್ಲೆಬೇಳೆ, ಯಾವಾಗ ತಂದಿದ್ದು ಅಂತ ಯಾರಿಗೂ ನೆನಪಿಲ್ಲದ ಕಸ್ಟರ್ಡ್ ಪೌಡರ್, ಎಲ್ಲ ಆಚೆ ಬರುತ್ತವೆ. ತಾರೀಖು ಮುಗಿದದ್ದು ಸೀದಾ ಕಸಕ್ಕೆ. ಒಂದೇ ಬಗೆಯದನ್ನು ಒಂದೇ ಡಬ್ಬಕ್ಕೆ ಹಾಕಿ, ಆದರೆ ಸುರಿಯುವ ಮೊದಲು ಹುಳ ಇದೆಯಾ ನೋಡಿ. ರವೆಯಾದರೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಡಬ್ಬ ಬೆವತು ರವೆ ಗಂಟಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನೂ ಬಿಡಿ, ತಳದಲ್ಲಿರುವುದು ತಳದಲ್ಲೇ ಉಳಿದು ಹುಳ ಬೀಳುವುದು ಹೀಗೇ ಅಲ್ವಾ.

ಈಗ ವಾಪಸ್ ಜೋಡಿಸುವುದು. ಇಲ್ಲಿ ನಮ್ಮ ಒಗ್ಗರಣೆ ಡಬ್ಬಿಗಿಂತ ಒಳ್ಳೆಯ ಮಾದರಿ ಬೇಕಿಲ್ಲ. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡ್ಲೆಬೇಳೆ, ಅರಿಶಿನ, ಒಣಮೆಣಸಿನಕಾಯಿ: ಕಾಳು, ಬೇಳೆ, ಪುಡಿ ಅಂತ ಬೇರೆ ಬೇರೆ ಕಡೆ ಇಡಬಹುದಿತ್ತು. ಇಟ್ಟಿಲ್ಲ, ಯಾಕೆಂದರೆ ಸಾಸಿವೆ ಸಿಡಿಯುವಾಗ ಇವೆಲ್ಲ ಒಟ್ಟಿಗೇ ಬೇಕು, ಇನ್ನೊಂದು ಕಪಾಟು ತೆಗೆಯುವಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ. ಇದೇ ಲೆಕ್ಕವನ್ನು ಉಳಿದದ್ದಕ್ಕೂ ಹಾಕಿ. ಕಾಫಿ ಫಿಲ್ಟರ್, ಕಾಫಿಪುಡಿ, ಸಕ್ಕರೆ, ಲೋಟ ಒಂದು ಕಡೆ. ಗೋಧಿಹಿಟ್ಟು, ಮಣೆ, ಲಟ್ಟಣಿಗೆ, ಚಪಾತಿ ಡಬ್ಬಿ ಇನ್ನೊಂದು ಕಡೆ. ಮಕ್ಕಳ ಟಿಫನ್ ಬಾಕ್ಸ್, ನೀರಿನ ಬಾಟಲಿ, ಕರ್ಚೀಫು ಕೂಡ ಒಂದೇ ಬುಟ್ಟಿಯಲ್ಲಿರಲಿ. ಕರ್ಚೀಫು ಅಡುಗೆಮನೆಯಲ್ಲಾ ಅನ್ನಬೇಡಿ, ಬೆಳಗ್ಗೆ ಏಳೂವರೆಗೆ ಅದನ್ನು ಹುಡುಕಿದವರಿಗೆ ಗೊತ್ತು.

ದಿನಾ ಬೇಕಾದದ್ದು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಸಿಗಬೇಕು. ಅಕ್ಕಿ ಡಬ್ಬ, ಕುಕ್ಕರ್‌ನಂಥ ಭಾರದ್ದು ಕೆಳಗೆ. ಸ್ಟವ್‌ಗೆ ನೇರ ಮೇಲಿನ ಕಪಾಟಿನಲ್ಲಿ ಸಾಂಬಾರ್ ಪುಡಿ, ರಸಂ ಪುಡಿ ಇಡಬೇಡಿ, ಬಿಸಿಗೆ ಮತ್ತು ಹಬೆಗೆ ಘಮ ಹೋಗುತ್ತದೆ. ಸಿಂಕ್ ಕೆಳಗೆ ತೇವ ಜಾಸ್ತಿ, ಅಲ್ಲಿ ಪಾತ್ರೆ ತೊಳೆಯುವ ಸಾಮಾನು ಸಾಕು. ಆಲೂಗಡ್ಡೆ, ಈರುಳ್ಳಿ ಬೇರೆ ಬೇರೆ ಬುಟ್ಟಿಯಲ್ಲಿರಲಿ. ಸಿಲಿಂಡರ್ ಸುತ್ತ ಮಾತ್ರ ಏನನ್ನೂ ತುರುಕಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತದೆ, ಹಾಗಾಗಿ ಕೆಳಗಡೆ ಗಾಳಿ ಆಡಲು ಜಾಗ ಇರಲೇಬೇಕು.

ಇನ್ನು ಅಟ್ಟ, ಅಂದರೆ ಲಾಫ್ಟ್. ಅಲ್ಲಿರುವುದರಲ್ಲಿ ನಾವು ಬೇಕು ಅಂತ ಕೊಂಡದ್ದು ಕಮ್ಮಿ, ಬಂದು ಸೇರಿಕೊಂಡದ್ದೇ ಜಾಸ್ತಿ. ಗೃಹಪ್ರವೇಶದ ಸ್ಟೀಲ್ ಬಟ್ಟಲು, ಸೀಮಂತದ ಪ್ಲಾಸ್ಟಿಕ್ ಟ್ರೇ, ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸು. (ಕೆಲವು ಬ್ಲೌಸ್ ಪೀಸು ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ವಾಪಸ್ ಬರುತ್ತವಂತೆ, ನಂಬಬಹುದಾದ ಮಾತೇ.) ಇವಕ್ಕೆಲ್ಲ ಸೇರಿ ಒಂದೇ ಚೀಲ ಇಡಿ. ಅದು ತುಂಬಿದರೆ ಹೊಸದು ಒಳಗೆ ಹೋಗುವ ಮೊದಲು ಹಳೆಯದು ಯಾರಿಗಾದರೂ ಹೋಗಬೇಕು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬೇಕಾಗುವ ದೊಡ್ಡ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ, ದಸರಾ ಗೊಂಬೆಯ ಪೆಟ್ಟಿಗೆಗೆ ಹೊರಗಿನಿಂದ ಕಾಣುವ ಹಾಗೆ ಚೀಟಿ ಅಂಟಿಸಿ. ಹಿತ್ತಾಳೆ, ತಾಮ್ರದ್ದನ್ನು ಮನೆಯ ಹಿರಿಯರನ್ನು ಕೇಳದೆ ಅಂಗಡಿಗೆ ಹಾಕಬೇಡಿ, ಸುಮ್ನೆ ಜಗಳ.

ಕವರ್‌ನೊಳಗೆ ಕವರ್ ತುರುಕಿ ಬಾಗಿಲ ಹಿಂದೆ ನೇತುಹಾಕುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಒಂದು ಚೀಲದಷ್ಟು ಸಾಕು. ಹಾಲಿನ ಕವರ್ ತೊಳೆದು ಒಣಗಿಸಿ ಒಣಕಸಕ್ಕೆ ಕೊಡಿ.

ಇಷ್ಟಾದ ಮೇಲೂ ಡಬ್ಬ ಬೇಕೇ ಬೇಕು ಅನ್ನಿಸಿದರೆ ಶೆಲ್ಫಿನ ಆಳ, ಎತ್ತರ ಅಳೆದು ಕೊಳ್ಳಿ. ಚೌಕದ ಡಬ್ಬ ಪಕ್ಕಪಕ್ಕ ಕೂರುತ್ತದೆ, ಗುಂಡನೆಯದರ ನಡುವೆ ಜಾಗ ದಂಡ. ಡ್ರಾಯರ್‌ನಲ್ಲಿ ಇಡುವುದಾದರೆ ಹೆಸರು ಮುಚ್ಚಳದ ಮೇಲೆ, ಶೆಲ್ಫ್‌ನಲ್ಲಾದರೆ ಮುಂದುಗಡೆ. ಪ್ಯಾಕೆಟ್ ಮೇಲಿನ ತಾರೀಖಿನ ತುಂಡು ಕತ್ತರಿಸಿ ಡಬ್ಬದ ಹಿಂದೆ ಅಂಟಿಸಿ. ಒಂದು ವಾರ ಬಿಟ್ಟು ಅಡುಗೆಕಟ್ಟೆ ನೋಡಿ. ಏನಾದರೂ ಮತ್ತೆ ಮತ್ತೆ ಅಲ್ಲೇ ಉಳಿಯುತ್ತಿದ್ದರೆ ಮನೆಯವರನ್ನು ಬೈಯಬೇಡಿ, ಅದಕ್ಕೆ ನೀವು ಕೊಟ್ಟ ಜಾಗ ಕೈಗೆ ದೂರ ಆಗಿದೆ, ಬದಲಾಯಿಸಿ.