ಸಮುದ್ರ ನೋಡದ ಮಕ್ಕಳಿಗೆ 1812ರ ಯುದ್ಧ ಕಲಿಸುವ ಬಗೆ

ಅಮೆರಿಕ ಮತ್ತು ಬ್ರಿಟನ್ ನಡುವಿನ ಈ ಯುದ್ಧವನ್ನು ಹಡಗು, ಸುಂಕ, ಒಪ್ಪಂದ ಅಂತ ಶುರು ಮಾಡಿದರೆ ಮಹಾಲಿಂಗಪುರದ ಮಧ್ಯಾಹ್ನದ ಬಿಸಿಲಿಗೆ ಅರ್ಧ ಕ್ಲಾಸು ತೂಕಡಿಸುತ್ತದೆ. ಮೊದಲ ವರ್ಷ ನಾನು ಅದೇ ತಪ್ಪು ಮಾಡಿದೆ.

ತಕ್ಕಡಿ ತನ್ನಿ. ಬೆಲ್ಲಕ್ಕಂತೂ ನಮ್ಮಲ್ಲಿ ಬರವಿಲ್ಲ. 454 ಗ್ರಾಂ ತೂಗಿ, ಇದು ಒಂದು ಪೌಂಡ್, 16 ಔನ್ಸ್ ಎನ್ನಿ. ಅದರಿಂದ 57 ಗ್ರಾಂ ಒಡೆದು ಬದಿಗಿಡಿ. ಬ್ರಿಟಿಷ್ ನೌಕಾಪಡೆಯ ನಾವಿಕನಿಗೆ ರೇಷನ್ನಿನಲ್ಲಿ ಸಿಗುತ್ತಿದ್ದ ಪೌಂಡ್ ಉಳಿದ 14 ಔನ್ಸಿನದು. ಮಿಕ್ಕಿದ್ದನ್ನು ಸವಕಲಿನ ಲೆಕ್ಕದಲ್ಲಿ ಹಡಗಿನ ಉಗ್ರಾಣದವನು ಹಿಡಿದುಕೊಳ್ಳುತ್ತಿದ್ದ. “ಪ್ಯಾಟ್ಯಾಗ ಸೂಟು ತಗದಂಗ್ರೀ ಸರ!” ಎಂದು ಯಾವನಾದರೂ ಕೂಗಿದರೆ ಪಾಠ ಹಳಿಗೆ ಬಂತು. 1797ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್ ಲಂಗರು ತಾಣದಲ್ಲಿ ನಾವಿಕರು ಹಡಗು ಹೊರಡಿಸಲು ಒಪ್ಪದೆ ಕೇಳಿದ್ದು ಪೂರ್ತಿ ತೂಕವನ್ನು, ನೂರು ವರ್ಷ ದಾಟಿದರೂ ಏರದಿದ್ದ ಸಂಬಳವನ್ನು.

ಮುಂದಿನದು ಈ ನೌಕಾಪಡೆ ಬಿಟ್ಟು ಓಡಿಹೋದವರ ಕಥೆ. ಅಮೆರಿಕದ ವ್ಯಾಪಾರಿ ಹಡಗಿನಲ್ಲಿ ಕೂಲಿ ಹೆಚ್ಚು, ಚಾಟಿ ಕಡಿಮೆ. ನೆಪೋಲಿಯನ್ ಜೊತೆ ಸೆಣಸುತ್ತಿದ್ದ ಬ್ರಿಟನ್ನಿಗೆ ಆಳು ಬೇಕು. ಆ ಹಡಗುಗಳನ್ನು ತಡೆದು “ಇಂವ ನಮ್ಮಂವ” ಎಂದು ಎಳೆದೊಯ್ದರು. ಅಮೆರಿಕದಲ್ಲೇ ಹುಟ್ಟಿದವರೂ ಸಿಕ್ಕಿಬಿದ್ದರು. ಕಬ್ಬು ಕಡಿಯುವ ಗ್ಯಾಂಗಿನ ಹುಡುಗ ನನ್ನ ಕ್ಲಾಸಿನಲ್ಲಿದ್ದ: “ಟೋಳಿ ಬಿಟ್ಟು ಓಡಿದ್ರ ಮುಕಾದಮ್ ಹುಡುಕ್ಕೊಂಡ ಬರ್ತಾನ್ರೀ.” ಹೋಲಿಕೆ ಚೆನ್ನ. ಆದರೆ ಗ್ಯಾಂಗಿನವನು ಮುಂಗಡ ಪಡೆದಿರುತ್ತಾನೆ. ಎಷ್ಟೋ ನಾವಿಕರನ್ನು ಬಂದರಿನ ಬೀದಿಯಿಂದಲೇ ಹಿಡಿದು ಹಡಗಿಗೆ ಹಾಕಿದ್ದರು. ಅದನ್ನು ಬಿಡಿಸಿ ಹೇಳಿ.

ನಕಾಶೆ ಈಗ ಬಿಚ್ಚಿ. ವರ್ಜೀನಿಯಾ ಕರಾವಳಿ, 22 ಜೂನ್ 1807. ಬ್ರಿಟನ್ನಿನ ‘ಲೆಪರ್ಡ್’ ತಡೆದ ‘ಚೆಸಪೀಕ್’ ವ್ಯಾಪಾರಿ ಹಡಗಲ್ಲ, ಅಮೆರಿಕದ ಯುದ್ಧನೌಕೆ. ಇದನ್ನು ಎರಡು ಸಲ ಹೇಳಿ. ಶೋಧಕ್ಕೆ ಒಪ್ಪದಿದ್ದಾಗ ಫಿರಂಗಿ ಹಾರಿಸಿ ನಾಲ್ವರನ್ನು ಎಳೆದೊಯ್ದರು. ಅವರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವನು ಒಬ್ಬನೇ, ಅವನಿಗೆ ಗಲ್ಲು.

ಅಮೆರಿಕ ಯುದ್ಧ ಸಾರಿದ್ದು ಮಾತ್ರ 18 ಜೂನ್ 1812ಕ್ಕೆ. ನಡುವೆ ಬಂದ ವ್ಯಾಪಾರ ನಿರ್ಬಂಧಗಳನ್ನು ಬೇಗ ಮುಗಿಸಿ. ಅಮೆರಿಕದ ಗಡಿನಾಡಿನವರ ಭೂಮಿಯ ಆಸೆಯನ್ನು ಮುಚ್ಚಿಡಬೇಡಿ, ನಾವಿಕರೊಬ್ಬರೇ ಕಾರಣವಲ್ಲ. ಸೋಜಿಗವೆಂದರೆ ಅಮೆರಿಕದಲ್ಲೇ ಹಡಗುಗಳ ಸೀಮೆಯಾದ, ಈಶಾನ್ಯದ ನ್ಯೂ ಇಂಗ್ಲೆಂಡೇ ಯುದ್ಧ ಬೇಡವೆಂದಿತು. ಯುದ್ಧ ಸಾರಿದ ಐದೇ ದಿನಕ್ಕೆ ಬ್ರಿಟನ್ ವ್ಯಾಪಾರಕ್ಕೆ ಕಡಿವಾಣ ಹಾಕಿದ್ದ ತನ್ನ ಆಜ್ಞೆಗಳನ್ನು ಹಿಂದೆಗೆದುಕೊಂಡಿತು. ಆ ಸುದ್ದಿಯೋ, ಹಾಯಿಹಡಗಿನಲ್ಲಿ ವಾರಗಟ್ಟಲೆ ತೇಲಿತು.

ಎರಡನೇ ಪಿರಿಯಡ್ ಉಳಿಸಿಕೊಳ್ಳಿ. ಯುದ್ಧ ಮುಗಿಸಲು ಮಾಡಿಕೊಂಡ 24 ಡಿಸೆಂಬರ್ 1814ರ ಗೆಂಟ್ ಒಪ್ಪಂದದಲ್ಲಿ ನಾವಿಕರನ್ನು ಎಳೆದೊಯ್ಯುವ ಬಗ್ಗೆ ಒಂದು ಸಾಲೂ ಇಲ್ಲ ಎಂದಾಗ “ಯಾಕ್ರೀ ಸರ?” ಬಂದೇ ಬರುತ್ತದೆ. ನೆಪೋಲಿಯನ್ ಸೋತಿದ್ದ, ಆಳಿನ ಅಗತ್ಯ ತೀರಿತ್ತು.